ಗೀರು ಬಿದ್ದ ಜಾಗ

"ಎಡಗೈಯವರ ಗಿಟಾರ್ ನನ್ನ ಹತ್ರ ಬರಲ್ಲಮ್ಮ," ಎಂದ ಹಳೇ ವಾದ್ಯಗಳ ಅಂಗಡಿಯವನು. ಕತ್ತರಿ ಕೊಳ್ಳುವಾಗಲೆಲ್ಲ ಇದೇ ಮಾತು ಕೇಳಿ ಸಾಕಾಗಿದ್ದ ಟೈಲರಕ್ಕ, ಮೂಲೆಯಲ್ಲಿ ಒರಗಿದ್ದ ಒಂದು ಗಿಟಾರಿಗೆ ಕೈಹಾಕಿದಳು.

"ಅದು ಬೇಡ ಬಿಡಿ, ಯಾರೋ ತಲೆಕೆಟ್ಟವನು ಬಾರಿಸಿದ್ದು. ಬಾರಿಸುವಾಗ ಗೀರು ಬೀಳೋ ಜಾಗ ಅಂತಾನೇ ತಂತಿಗಳ ಕೆಳಬದಿಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿರ್ತಾರೆ. ಅದು ಹೊಸದರ ಹಾಗಿದೆ, ತಂತಿಗಳ ಮೇಲ್ಬದಿಯ ಬರೀ ಮರವನ್ನ ಕೆರೆದು ಹಾಳು ಮಾಡಿದಾನೆ!"

ಅವಳು ಸ್ಟೂಲಿನ ಮೇಲೆ ಕೂತು, ಗಿಟಾರನ್ನು ತನ್ನ ಕೈಗೆ ಒಗ್ಗುವಂತೆ ತಿರುಗಿಸಿ ತೊಡೆಯ ಮೇಲಿಟ್ಟುಕೊಂಡಳು. ಕಪ್ಪು ಪ್ಲಾಸ್ಟಿಕ್ ಮೇಲಕ್ಕೆ ಹೋಯಿತು, ಗೀರುಗಳು ಕೆಳಕ್ಕೆ ಬಂದವು. ಎಡಗೈ ಇಳಿಬಿಟ್ಟಳು. ಬೆರಳುಗಳು ಸವೆದ ಜಾಗಕ್ಕೇ ಹೋಗಿ ಕೂತವು.

ಅಂಗಡಿಯವನು ಕಣ್ಣು ಬಿಟ್ಟುಕೊಂಡು ನೋಡಿದ.

"ತಲೆಕೆಟ್ಟವನಲ್ಲ ಅಣ್ಣಾ," ಎಂದು ಅವಳು ನಕ್ಕು ತಂತಿ ಮೀಟಿದಳು, "ನಮ್ಮೋನು."