ಮೊದಲು ನಮ್ಮಮ್ಮ

ಕಲ್ಯಾಣದುರ್ಗದ ಹೊಸ ಘಟಕದಲ್ಲಿ ಇರುವೆಸಾಲನ್ನು ಮೊದಲು ಕಂಡವನು ಜಯಚಂದ್ರನೇ. ಹೊರಗೆ ಶಾಮಿಯಾನದ ಕೆಳಗೆ ಜನ ಸೇರಿದ್ದರು. ಮೂಸಂಬಿ ಹಿಂಡುವ ದೊಡ್ಡ ಮಿಷನ್ನಿಗೆ ಅರಿಸಿನ ಕುಂಕುಮ ಹಚ್ಚಿ ಆಗಿತ್ತು. ಘಟಕ ಶುರುವಾಗುವ ಇಂಥ ಹೊತ್ತಿನಲ್ಲಿ, ತೊಳೆದ ನೆಲದ ಮೇಲೆ ಇರುವೆ! ಎಲ್ಲಿ ರಸ ಚೆಲ್ಲಿದೆಯೋ ಎಂದು ಅವನು ಸಾಲಿನ ಜೊತೆಗೇ ಹೊರಟ. ಅದು ಮಿಷನ್ನಿನ ಕಡೆ ಹೋಗಲಿಲ್ಲ. ಹಣ್ಣಿನ ಬುಟ್ಟಿಗಳನ್ನೂ ದಾಟಿ, ಹಿಂದಿನ ಕೋಣೆಯ ಹೊಸ್ತಿಲು ಹತ್ತಿ ಒಳಗೆ ಇಳಿದಿತ್ತು.

ಒಳಗೆ ಅವನ ತಾಯಿ ಪಾಪಕ್ಕ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವನ ಹೆಂಡತಿ ಪದ್ಮಲತಾ ಅತ್ತೆಯ ಕಾಲಿನ ಹೆಬ್ಬೆರಳಿಗೆ ಹೊಸ ಬಟ್ಟೆ ಸುತ್ತುತ್ತಿದ್ದಳು. ಬಿಚ್ಚಿಟ್ಟ ಹಳೆಯ ಬಟ್ಟೆಯ ಮೇಲೆ ಇರುವೆಗಳು ಕಪ್ಪಗೆ ಮುತ್ತಿದ್ದವು.

"ಏನಮ್ಮ ಇದು?"

ಪಾಪಕ್ಕ ಸೀರೆಯ ಅಂಚು ಎಳೆದು ಕಾಲು ಮುಚ್ಚಿಕೊಂಡಳು. "ಚಪ್ಪಲಿ ಕಚ್ತು ಕಣಪ್ಪ. ನೀನ್ ಹೋಗು, ಜನ ಕಾಯ್ತಾವ್ರೆ."

"ಚಪ್ಪಲಿ ಕಚ್ಚಿದ್ದು ಸಂಕ್ರಾಂತಿಗೆ," ಎಂದಳು ಪದ್ಮಲತಾ, ತಲೆ ಎತ್ತದೆ. "ಈಗ ಯುಗಾದೀನೂ ಕಳೀತು, ಗಾಯ ಮಾಗಿಲ್ಲ. ಷುಗರ್ ಅಂತೆ. ನಿಮ್ಗೆ ಹೇಳ್ಬಾರ್ದು ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ರು."

ಜಯಚಂದ್ರನಿಗೆ ಹಿಂದೂಪುರದ ಬಸ್ ಸ್ಟ್ಯಾಂಡಿನ ಎದುರು ರಸ ಹಿಂಡುವ ಬರೀ ಒಂದು ಕೈಮಿಷನ್ ಇದ್ದ ಕಾಲ ನೆನಪಾಯಿತು, ಎರಡು ಸಾವಿರದ ಎರಡರ ಬೇಸಿಗೆ. ಆಸ್ಪತ್ರೆಗೆ ಹೊರಟಿದ್ದ ಬಸುರಿಯೊಬ್ಬಳು ಲೋಟ ಕೈಯಲ್ಲಿ ಹಿಡಿದು, ಅನುಮಾನದಿಂದ ಕೇಳಿದ್ದಳು: "ಇದನ್ನ ನಿಮ್ಮನೇರು ಕುಡೀತಾರಾ?" ಪಾಪಕ್ಕ ಎದ್ದು ಬಂದು, ಇನ್ನೊಂದು ಲೋಟ ತುಂಬಿಸಿಕೊಂಡು, ತೀರ್ಥದ ಹಾಗೆ ಕಣ್ಣಿಗೊತ್ತಿಕೊಂಡು ಕುಡಿದು, ಲೋಟ ಬೋರಲು ಹಿಡಿದು ತೋರಿಸಿದ್ದಳು. ಅಂದಿನಿಂದ ಅದೇ ನೇಮವಾಯಿತು. ಗೋಡೆಯ ಮೇಲೆ ತೆಲುಗಿನಲ್ಲೂ ಕನ್ನಡದಲ್ಲೂ ಜಯಚಂದ್ರ ಬರೆಸಿದ: 'ನೀರಿಲ್ಲ, ಬಣ್ಣವಿಲ್ಲ, ಸಕ್ಕರೆ ಇಲ್ಲ. ಮೊದಲು ನಮ್ಮಮ್ಮ, ಆಮೇಲೆ ನೀವು.' ಜನ ನಂಬಿದರು. ಲೇಪಾಕ್ಷಿಯಲ್ಲಿ ಅಂಗಡಿಯಾಯಿತು, ಚಿಲಮತ್ತೂರಿನ ಹೆದ್ದಾರಿಯ ಮೇಲೆ ಇನ್ನೊಂದಾಯಿತು. ಮೂಸಂಬಿಯ ಜೊತೆಗೆ ದಾಳಿಂಬೆ ಬಂತು, ಸಪೋಟ ಬಂತು. ಬೆಳಿಗ್ಗೆ ರಸದ ಎಲ್ಲ ಕ್ಯಾನುಗಳೂ ಅಂಗಡಿಗಳಿಗೆ ಹೊರಡುವ ಮೊದಲು ಪಾಪಕ್ಕನ ಮುಂದೆ ನಿಲ್ಲುತ್ತಿದ್ದವು. ಒಂದೊಂದು ಕ್ಯಾನಿಗೂ ಒಂದೊಂದು ಲೋಟ. ಒಟ್ಟು ಎಷ್ಟಾಯಿತೆಂದು ಯಾರೂ ಎಣಿಸಿರಲಿಲ್ಲ.

"ಷುಗರ್ ಇಟ್ಕೊಂಡು ದಿನಾ ಕುಡೀತಿದ್ಯಾ?"

"ಡಾಕ್ಟ್ರು ಸಕ್ಕರೆ ಮುಟ್ಬೇಡ ಅಂದ್ರು. ಮುಟ್ಟಿಲ್ಲ ಕಣ್ಲಾ! ಕಾಫೀನೂ ಚಪ್ಪಗೇ ಕುಡೀತೀನಿ, ಬೇಕಾದ್ರೆ ಇವಳ್ನ ಕೇಳು. ನಮ್ಮ ರಸಕ್ಕೆ ಸಕ್ಕರೆ ಹಾಕಲ್ವಲ್ಲ. ನೀನೇ ತಾನೇ ಬರೆಸಿರೋದು?"

ಜಯಚಂದ್ರ ಅವಳ ಪಕ್ಕದಲ್ಲೇ ಕುಕ್ಕರಿಸಿದ. "ಹಣ್ಣಲ್ಲೇ ಇರ್ತೈತಮ್ಮ. ನಾವು ಹಾಕ್ದೇ ಇದ್ರೂ ಇರ್ತೈತೆ."

ಗಂಟು ಹಾಕುತ್ತಿದ್ದ ಪದ್ಮಲತಾಳ ಬೆರಳುಗಳು ಅಲ್ಲೇ ನಿಂತವು. ಅವಳಿಗೂ ಅದು ಹೊಳೆದಿರಲಿಲ್ಲ.

ಪಾಪಕ್ಕ ಮಗನ ಕಡೆ ತಿರುಗಿದಳು. "ಹಂಗಾರೆ ಗೋಡೆ ಮೇಲಿರೋದು ಸುಳ್ಳಾ?"

"ಸುಳ್ಳಲ್ಲಮ್ಮ."

"ಸುಳ್ಳಲ್ಲ ಅಂದ್ಮೇಲೆ ಬಿಡು," ಎಂದು ಅವಳು ಏಳಲು ಕೈಯೂರಿದಳು.

"ನೀನ್ ಏಳ್ಬೇಡ. ಇವತ್ತು ನಾನು ಕುಡೀತೀನಿ." ಅವನು ಎದ್ದು ಹೊರಗೆ ನಡೆದ.

ರಸದ ಲೋಟಗಳನ್ನು ಆಗಲೇ ಜನರಿಗೆ ಹಂಚಿಯಾಗಿತ್ತು. ಯಾರೂ ತುಟಿಗಿಟ್ಟಿರಲಿಲ್ಲ, ಎಲ್ಲರ ಕಣ್ಣೂ ಬಾಗಿಲ ಕಡೆಗಿತ್ತು. ಜಯಚಂದ್ರ ತನ್ನ ಲೋಟ ಎತ್ತಿದ. ಷುಗರ್ ಎಂಬ ಮಾತು ಗಂಟಲವರೆಗೆ ಬಂತು. ಮಿಷನ್ನಿನ ಮೇಲಿನ ಹೂವಿನ ಹಾರ ನೋಡಿದ, ಗೋಡೆಯ ಮೇಲಿನ ಹಸಿ ಬಣ್ಣದ ಅಕ್ಷರಗಳನ್ನು ನೋಡಿದ. "ಅಮ್ಮನಿಗೆ ಹುಷಾರಿಲ್ಲ," ಎಂದಷ್ಟೇ ಹೇಳಿದ. "ಇವತ್ತು ನಾನೇ ಕುಡೀತೀನಿ."

"ಏಮಯ್ಯಾ ಜಯಚಂದ್ರಾ," ಎಂದು ಮುಂದಿನ ಸಾಲಿನಿಂದ ಕೂಗಿದ ನರಸಿಂಹಯ್ಯ. ಆ ದಿನದ ಮೂಸಂಬಿಯೆಲ್ಲ ಅವನ ಚೀನಿಕಾಯಿ ತೋಟದ್ದೇ. "ಹುಷಾರಿಲ್ವಾ? ಏನ್ ಕುಡ್ದು?"

ಶಾಮಿಯಾನ ನಗೆಯಿಂದ ತುಂಬಿತು. ನಗದೆ ಇದ್ದವಳು ಒಬ್ಬಳೇ, ಮಗುವನ್ನು ಎತ್ತಿಕೊಂಡು ಹಿಂದೆ ನಿಂತಿದ್ದ ಹೆಂಗಸು. ಅವಳು ತನ್ನ ಲೋಟವನ್ನು ಸದ್ದಾಗದಂತೆ ಬೆಂಚಿನ ಮೇಲಿಟ್ಟಳು. ಅವಳನ್ನು ನೋಡಿ ಪಕ್ಕದವಳೂ ಇಟ್ಟಳು.

ಆಗ ಹಿಂದಿನಿಂದ ಕಾಲೆಳೆಯುವ ಸದ್ದು ಕೇಳಿಸಿತು. ಪದ್ಮಲತಾಳ ಭುಜ ಹಿಡಿದುಕೊಂಡು ಪಾಪಕ್ಕ ಬಂದಳು. "ಏನಯ್ಯಾ ನರಸಿಂಹಯ್ಯ, ನಿನ್ನ ತೋಟದ ಹಣ್ಣಿನ ರಸ ಕುಡ್ದು ಸತ್ತೋಯ್ತೀನಾ ನಾನು?" ಎಂದಳು. ಇನ್ನೂ ಜೋರಾಗಿ ನಗೆ ಎದ್ದಿತು. ಅವಳು ಮಗನ ಕೈಯಿಂದ ಲೋಟ ತೆಗೆದುಕೊಂಡಳು. ಅವನು ಅದನ್ನು ಬಿಗಿಯಾಗಿ ಹಿಡಿದಿರಲಿಲ್ಲ. ಕಣ್ಣಿಗೊತ್ತಿಕೊಂಡು, ಗುಟುಕು ಗುಟುಕಾಗಿ, ಕೊನೆಯ ಹನಿಯವರೆಗೂ ಕುಡಿದು ಲೋಟವನ್ನು ಬೋರಲು ಹಿಡಿದಳು. ಚಪ್ಪಾಳೆ ಬಿತ್ತು. ಹಿಂದಿನ ಹೆಂಗಸು ಬೆಂಚಿನ ಮೇಲಿನ ಲೋಟ ಎತ್ತಿ ಮಗುವಿನ ಬಾಯಿಗೆ ಹಿಡಿದಳು.

"ದಾಳಿಂಬೇದೂ ಆಗ್ಲಿ ಅಕ್ಕಾ!" ಎಂದು ಯಾರೋ ಕೂಗಿದರು.

ಪಾಪಕ್ಕ ಖಾಲಿ ಲೋಟವನ್ನು ಮಗನ ಕಡೆಗೆ ಚಾಚಿದಳು. ಜಯಚಂದ್ರ ಹೆಂಡತಿಯನ್ನು ನೋಡಿದ. ಪದ್ಮಲತಾ ನೆಲ ನೋಡುತ್ತಿದ್ದಳು. ಅಲ್ಲಿ ಇರುವೆಗಳು ಮತ್ತೆ ಸಾಲು ಕಟ್ಟುತ್ತಿದ್ದವು. ಅವನು ಪಕ್ಕದ ದಾಳಿಂಬೆ ಕ್ಯಾನಿನ ನಲ್ಲಿ ತಿರುಗಿಸಿದ. ಲೋಟ ಅರ್ಧಕ್ಕೆ ಬಂದಾಗ ನಿಲ್ಲಿಸಿದ.

ಪಾಪಕ್ಕ ಅರ್ಧ ಲೋಟ ಹಿಡಿದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.