ಬದಲಿ ಬೆರಳು

ಶ್ರಾವಣದ ಬಿಸಿಲಿಗೆ ಹೆಸರುಕಾಯಿ ಕಪ್ಪಾಗಿ ಸಿಡಿಯುವ ಹದಕ್ಕೆ ಬಂದಿದ್ದವು. ಮಳೆ ಬೀಳುವುದರೊಳಗೆ ಬಿಡಿಸಿಕೊಂಡರೆ ಕಾಳು, ಇಲ್ಲವಾದರೆ ಮಣ್ಣು. ತಾವರಗೇರಾ ಸುತ್ತಿನ ಹೊಲಗಳಲ್ಲೆಲ್ಲ ಹೆಂಗಸರು ಬಗ್ಗಿದವರು ಎದ್ದಿರಲಿಲ್ಲ. ಶಿವಲಿಂಗಮ್ಮ ಒಂದು ಸಾಲು ಮುಗಿಸಿ ತಿರುಗಿ ನೋಡಿದರೆ, ಪಕ್ಕದ ಹೊಲದ ಲಲಿತಾ ಅರ್ಧ ಸಾಲಿನಲ್ಲೇ ಕೂತು ಕೊಡ ಬಗ್ಗಿಸಿ ನೀರು ಕುಡಿಯುತ್ತಿದ್ದಳು. ಆಕೆ ಮುಯ್ಯಿಗೆ ಬಂದವಳು. ಇವತ್ತು ಈಕೆಯ ಹೊಲ, ನಾಳೆ ಆಕೆಯದು. ಕೂಲಿ ಇಲ್ಲ, ಆಳಿಗೆ ಆಳು. ಹೊತ್ತು ನೆತ್ತಿಗೇರುವ ಮೊದಲೇ ಇಬ್ಬರ ನೀರನ್ನೂ ಲಲಿತಾಳೇ ಕುಡಿದು ಮುಗಿಸಿದ್ದಳು. ಯುಗಾದಿ ಮುಂದೆ ಜಾಲಿಮುಳ್ಳು ಚುಚ್ಚಿದ ಆಕೆಯ ಕಾಲಿನ ಗಾಯ ಇನ್ನೂ ಮಾಯ್ದಿರಲಿಲ್ಲ; ಸುತ್ತಿದ ಅರಿವೆ ಒದ್ದೆಯಾಗಿತ್ತು.

“ಏಳು. ಸಾಲ್ಯಾಗ ಡಾಕ್ಟರು ಬಂದಾರಂತ. ರಕ್ತಾ ನೋಡ್ತಾರಂತ.”

“ನಿನ್ನ ಕಾಯಿ ಉದುರಿ ಹೊಕ್ಕಾವಲ್ಲಕ್ಕಾ.”

“ಉದುರ್ಲಿ. ಮೊದ್ಲು ನೀ ಉದುರಬ್ಯಾಡ.”

ಶಾಲೆಯ ಪಡಸಾಲೆಯಲ್ಲಿ ಮೊದಲು ತಕ್ಕಡಿ, ಆಮೇಲೆ ಗೋಡೆಗೆ ಅಂಟಿಸಿದ ಅಳತೆಪಟ್ಟಿ. ಎತ್ತರಕ್ಕೂ ತೂಕಕ್ಕೂ ತಾಳೆ ಹಾಕಿ ಟ್ಯಾಬು ಒಂದು ಅಂಕಿ ಹೇಳುತ್ತಿತ್ತು. ಮೈಸೂರು ಕಡೆಯ ಎಳೆ ವಯಸ್ಸಿನ ಡಾಕ್ಟರು ಆ ಅಂಕಿಯ ಜೊತೆಗೇ ಮಾತಾಡುತ್ತಿದ್ದರು, ಎದುರಿಗೆ ನಿಂತವರ ಜೊತೆಗಲ್ಲ.

“ಲಲಿತಾ. ಬಿಎಂಐ ಇಪ್ಪತ್ತೊಂದು, ನಾರ್ಮಲ್. ತುಂಬಾ ಒಳ್ಳೇದು, ಹೀಗೇ ಇರಿ,” ಎಂದು ಆಕೆಗೆ ಬಾಗಿಲು ತೋರಿಸಿದರು. ಶಿವಲಿಂಗಮ್ಮನ ಸರದಿ ಬಂದಾಗ ಅವರ ಹುಬ್ಬು ಮೇಲೇರಿತು. “ಮೂವತ್ತೊಂದು. ನೋಡಿಮ್ಮಾ, ಅನ್ನ ಕಡಿಮೆ ಮಾಡಿ. ಬೆಳಿಗ್ಗೆ ಎದ್ದು ಸ್ವಲ್ಪ ನಡೀಬೇಕು. ಅಲ್ಲಿ ಕೂತ್ಕೊಳ್ಳಿ, ಶುಗರ್ ನೋಡ್ತಾರೆ.”

“ಆಕಿ ನಡದಷ್ಟು ನಮ್ಮೂರ ಬಸ್ಸೂ ನಡದಿಲ್ರಿ,” ಎಂದು ಸಾಲಿನಲ್ಲಿ ಯಾರೋ ಅಂದರು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಶಿವಲಿಂಗಮ್ಮನಿಗೆ ನಗು ಬರಲಿಲ್ಲ. ತನ್ನ ಮೈಯನ್ನು ಮಂದಿ ಎದುರು ಆಡಿಕೊಂಡದ್ದು ಆಕೆಗೆ ದೊಡ್ಡದಲ್ಲ. ಲಗ್ನವಾದ ದಿನದಿಂದಲೂ ಅದು ಕೇಳಿದ ಮಾತೇ. ಆದರೆ ಲಲಿತಾಳ ಕಾಲಿನ ಅರಿವೆಯ ಮೇಲೆ ಒಬ್ಬರ ಕಣ್ಣೂ ಹಾಯಲಿಲ್ಲವಲ್ಲ ಎಂದು ಆಕೆ ಕೂರದೆ ಡಾಕ್ಟರ ಮುಂದೆಯೇ ನಿಂತಳು.

“ನನಗೇನೂ ಆಗಿಲ್ರಿ ಸರ. ಜಡ್ಡು ಇರೂದು ಆಕಿಗೆ. ಕೊಡಗಟ್ಲೆ ನೀರು ಕುಡದ್ರೂ ಬಾಯಿ ಒಣಗತೈತಂತ. ಆಕಿ ಕಾಲಿನ ಗಾಯಾನರ ನೋಡ್ರಿ.”

“ಗಾಯಕ್ಕೆ ಮುಲಾಮು ಕೊಡ್ತಾರೆ. ಶುಗರ್ ಟೆಸ್ಟು ದಪ್ಪ ಇರೋರಿಗೆ ಮಾತ್ರಮ್ಮ. ರಕ್ತ ನೋಡೋ ಸ್ಟ್ರಿಪ್ ಅಷ್ಟು ಜನಕ್ಕಾಗೋಷ್ಟೇ ಕೊಟ್ಟು ಕಳಿಸಿದ್ದಾರೆ. ಅವರಿಗೆ ನಾರ್ಮಲ್ ಅಂತ ಬಂದಿದೆಯಲ್ಲ.”

“ನಾರ್ಮಲ್ ಅಂದದ್ದು ತಕ್ಕಡಿ ಐತ್ರಿ. ಆಕಿ ಅಂದಿಲ್ಲ.”

ಡಾಕ್ಟರು ಆಗಲೇ ಮುಂದಿನವರ ಹೆಸರು ಕೂಗುತ್ತಿದ್ದರು. ಶಿವಲಿಂಗಮ್ಮ ಬಾಗಿಲ ತನಕ ಹೋಗಿದ್ದ ಲಲಿತಾಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಸೂಜಿ ಹಿಡಿದು ಕೂತಿದ್ದ ನರ್ಸು ರಜಿಯಾಬೇಗಂಳ ಮೇಜಿನ ಮುಂದಿನ ಕುರ್ಚಿಯಲ್ಲಿ ತಾನು ಕೂತು, ಲಲಿತಾಳ ಕೈಯನ್ನು ಮೇಜಿನ ಮೇಲೆ ಇಟ್ಟಳು.

“ನಿನ್ನ ಬೆರಳು ಕೊಡವಾ. ಇದು ಆಕಿದು,” ಎಂದಳು ರಜಿಯಾಬೇಗಂ.

“ನಂದ ಅಂತ ತಿಳಕೋ ಬೇ. ನನ್ನ ಪಾಳಿಗೆ ಆಕಿ ಮುಯ್ಯಿಗೆ ಬಂದಾಳ. ಹೊಲದಾಗ ಒಬ್ರ ಬದ್ಲಿ ಒಬ್ರು ನಡೀತೈತಿ, ಇಲ್ಲಿ ಯಾಕ ನಡ್ಯಾಂಗಿಲ್ಲ?”

ರಜಿಯಾಬೇಗಂ ಒಮ್ಮೆ ಡಾಕ್ಟರ ಬೆನ್ನು ನೋಡಿದಳು, ಒಮ್ಮೆ ಒದ್ದೆ ಅರಿವೆ ನೋಡಿದಳು. ಲಲಿತಾಳ ಬೆರಳಿಗೇ ಚುಚ್ಚಿದಳು. ಯಂತ್ರದಲ್ಲಿ ಅಂಕಿ ಮೂಡಿದ ಮೇಲೆ ಅದನ್ನು ಡಾಕ್ಟರ ಮುಂದೆ ಹಿಡಿದಳು. ನಾಲ್ಕುನೂರು ದಾಟಿತ್ತು.

“ಮೆಷಿನ್ ಕೆಟ್ಟಿರಬೇಕು. ಇನ್ನೊಂದು ಸ್ಟ್ರಿಪ್ ಹಾಕಿ.”

ಇಷ್ಟೊತ್ತು ಇಲ್ಲದ ಸ್ಟ್ರಿಪ್ಪು ಈಗ ಬಂತು. ಅಂಕಿ ಕೆಳಗಿಳಿಯಲಿಲ್ಲ. ಡಾಕ್ಟರು ಎದ್ದು ಬಂದು, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ತಾವೇ ಅರಿವೆ ಬಿಚ್ಚಿದರು. ಹೆಬ್ಬೆರಳ ಬುಡ ಕಪ್ಪುಗಟ್ಟಿತ್ತು.

“ಇಷ್ಟಾಗೋವರೆಗೂ ಏನ್ ಮಾಡ್ತಿದ್ರಿ ನೀವು?” ಎಂದು ಲಲಿತಾಳನ್ನೇ ಗದರಿದರು.

“ಹೋದ ವರ್ಷದ ಕ್ಯಾಂಪಿನ್ಯಾಗೂ ನಾರ್ಮಲ್ ಅದೀರಿ, ಹೀಗೇ ಇರ್ರಿ ಅಂದಿದ್ರು,” ಲಲಿತಾ ಸಣ್ಣ ದನಿಯಲ್ಲಿ ಹೇಳಿದಳು. “ಹಂಗ ಇದ್ದೆರಿ.”

ಡಾಕ್ಟರು ಟ್ಯಾಬಿನ ಮೇಲೆ ಬೆರಳಾಡಿಸಿದರು. ಮತ್ತೆ ಮತ್ತೆ ಒತ್ತಿದರು. ಕಡೆಗೆ ಶಿವಲಿಂಗಮ್ಮನ ಕಡೆ ತಿರುಗಿದರು. “ಇವತ್ತೇ ಕೊಪ್ಪಳಕ್ಕೆ, ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಆದರೆ ನಾರ್ಮಲ್ ಇರೋರ ಹೆಸರಲ್ಲಿ ಶುಗರ್ ತುಂಬೋಕೆ ಇದು ಬಿಡ್ತಿಲ್ಲ. ಶುಗರ್ ತುಂಬದೆ ಚೀಟಿ ಬರಲ್ಲ. ನಿಮ್ಮ ಹೆಸರಲ್ಲೇ ಹಾಕಿ ಕೊಡ್ತೀನಿ. ಅಲ್ಲಿ ಕೇಳಿದ್ರೆ ಇವರು ಶಿವಲಿಂಗಮ್ಮ ಅಂತ ಹೇಳಲಿ.”

ಲಲಿತಾ ಶಿವಲಿಂಗಮ್ಮನ ಸೆರಗು ಹಿಡಿದುಕೊಂಡಳು. “ಅಕ್ಕಾ, ಇವತ್ತಿನ ಮುಯ್ಯಿ ಅರ್ಧಕ್ಕ ನಿಂತ್ತು.”

“ಬಾಕಿ ಇರ್ಲಿ. ಮುಂದಿನ ಶ್ರಾವಣಕ್ಕ ಬಂದು ತೀರಸು.” ಅಷ್ಟು ಹೇಳಿ ಶಿವಲಿಂಗಮ್ಮ ಡಾಕ್ಟರ ಮುಖವನ್ನೇ ನೆಟ್ಟಗೆ ನೋಡಿದಳು. “ನನ್ನ ಹೆಸರು ಒಯ್ಲಿ ಸರ, ಬ್ಯಾಡ ಅನ್ನಾಂಗಿಲ್ಲ. ಅಲ್ಲೂ ಮೊದ್ಲು ತಕ್ಕಡಿ ಮ್ಯಾಲ ನಿಂದ್ರು ಅಂದ್ರ, ನನ್ನ ತೂಕಾ ಆಕಿ ಎಲ್ಲಿಂದ ತರಬೇಕ್ರಿ?”