ಕೊರಳಪಟ್ಟಿಯ ಕಲೆ

ಸ್ವೆಟರ್ ಸಿಕ್ಕಿದ್ದು ದೋಣಿಮನೆಯಲ್ಲಿ, ಬಣ್ಣದ ಡಬ್ಬಗಳ ಹಿಂದೆ ಬಚ್ಚಿಟ್ಟಿದ್ದ ಬಕೆಟ್ಟಿನೊಳಗೆ. ಸಿಗ್ನಿ ಅದನ್ನು ಎತ್ತಿ ಹಿಡಿದಳು. ಗಂಧಕದ ವಾಸನೆ ಮೂಗಿಗೆ ಬಡಿಯಿತು. ನೆಲದೊಳಗಿಂದ ಸುಡುಸುಡುತ್ತಾ ನಲ್ಲಿಗೆ ಬರುವ ನೀರಿನಲ್ಲಿ ಇದನ್ನು ತಿಕ್ಕಿದ್ದಾರೆ. ಉಣ್ಣೆಗೆ ಆ ನೀರು ತಾಗಿಸಬಾರದೆಂದು ಐಸ್‌ಲ್ಯಾಂಡಿನಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಗಂಡನ ಅಗಲ ಎದೆಗೆ ಅಳತೆ ಮಾಡಿ ಇಡೀ ಒಂದು ಚಳಿಗಾಲ ಅವಳು ಹೆಣೆದಿದ್ದ ಸ್ವೆಟರ್ ಈಗ ಗಟ್ಟಿ ಕಂಬಳಿಯ ತುಂಡಾಗಿತ್ತು.

ಥೋರ್ಮೋದ್‌ಗೆ ಇದಕ್ಕಿಂತ ಇಷ್ಟದ ಬಟ್ಟೆ ಇನ್ನೊಂದಿರಲಿಲ್ಲ. ಬೇಸಿಗೆಯ ಪ್ರತಿ ಶನಿವಾರ ಗೆಳೆಯ ಕೆಟಿಲ್ ಜೊತೆ ನದಿಗೆ ಸಾಲ್ಮನ್ ಮೀನು ಹಿಡಿಯಲು ಹೊರಟಾಗ ಅದನ್ನೇ ತೊಡುತ್ತಿದ್ದ.

ಆದರೆ ಅವಳ ಎದೆ ಧಸಕ್ಕೆಂದದ್ದು ಉಣ್ಣೆ ಕುಗ್ಗಿದ್ದಕ್ಕಲ್ಲ. ಕೊರಳಪಟ್ಟಿಯ ಮೇಲೆ, ಗಲ್ಲದ ನೇರ ಕೆಳಗೆ, ಎಷ್ಟು ತಿಕ್ಕಿದರೂ ಹೋಗದೆ ಉಳಿದ ರಕ್ತದ ಕಲೆಯಿತ್ತು.

ಸಿಗ್ನಿ ನದಿಯ ಮೀನುಗಳನ್ನು ಕಾಯುವವನ ಮಗಳು. ಮೀನು ಸೀಳುವವನಿಗೆ ಅದರ ರಕ್ತ ತೋಳಿಗೆ ಹತ್ತುತ್ತದೆ, ಹೊಟ್ಟೆಯ ಮೇಲೆ ಹತ್ತುತ್ತದೆ. ಕೊರಳಿಗೆ ಹತ್ತುವುದು ಒಂದೇ ಒಂದು ಸಂದರ್ಭದಲ್ಲಿ. ಬಾಳಿನ ಮೊದಲ ಸಾಲ್ಮನ್ ಹಿಡಿದವರು ಅದರ ಬಾಲದ ಹತ್ತಿರ, ಬೆನ್ನ ಮೇಲಿರುವ ಪುಟ್ಟ ಈಜುರೆಕ್ಕೆಯನ್ನು ಹಲ್ಲಿನಿಂದಲೇ ಕಿತ್ತು ನುಂಗಬೇಕು. ಇಲ್ಲದಿದ್ದರೆ ಮುಂದೆಂದೂ ಮೀನು ಗಾಳಕ್ಕೆ ಬೀಳುವುದಿಲ್ಲವಂತೆ. ಚಿಕ್ಕವಳಿದ್ದಾಗ ಅಪ್ಪ ಅವಳಿಂದಲೂ ಕಚ್ಚಿಸಿದ್ದ. ಹೊಸ ಅಂಗಿಯ ಕೊರಳು ಕೆಂಪಾಗಿ ಅಮ್ಮನಿಂದ ಬೈಸಿಕೊಂಡದ್ದು ಅವಳಿಗೆ ಇನ್ನೂ ನೆನಪಿದೆ. ಆ ರೆಕ್ಕೆಯನ್ನು ಯಾರೇ ಆಗಲಿ ಕಚ್ಚುವುದು ಒಂದೇ ಸಲ.

ಥೋರ್ಮೋದ್ ತಂದ ಸಾಲ್ಮನ್‌ಗಳಿಗಂತೂ ಲೆಕ್ಕವಿಲ್ಲ. ಸಾಲ್ಮನ್ ಹಿಡಿಯಲಾರದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅವಳಪ್ಪ ಪಟ್ಟು ಹಿಡಿದಾಗ, ಮರುವಾರವೇ ತೋಳುದ್ದದ ಮೀನು ತಂದು ಮೇಜಿನ ಮೇಲೆ ಮಲಗಿಸಿದ್ದ. ಅಪ್ಪ ರೆಕ್ಕೆಯಿದ್ದ ಜಾಗವನ್ನು ಬೆರಳಿನಿಂದ ಸವರಿ, "ಹಲ್ಲು ಭಾರಿ ಚೂಪು ಕಣಯ್ಯ ನಿಂದು" ಎಂದು ನಕ್ಕಿದ್ದ. ಅಲ್ಲಿಂದೀಚೆಗೆ ಬೇಸಿಗೆಯ ಭಾನುವಾರಗಳಲ್ಲಿ ಮೀನು ತಪ್ಪಿಲ್ಲ, ಅದೂ ಹೊಟ್ಟೆ ಸೀಳಿ ತೊಳೆದು ಶುಚಿ ಮಾಡಿದ್ದು. ಪಾಪ, ಕೆಟಿಲ್‌ನದು ಮಾತ್ರ ಯಾವಾಗಲೂ ಬರಿಗೈ. ಊರೆಲ್ಲ ಅವನನ್ನು ಒಣಗಾಳ ಎಂದು ಆಡಿಕೊಳ್ಳುತ್ತಿತ್ತು.

ಅಂದರೆ ಹೋದ ಶನಿವಾರ ತಾನು ಕೈಯಾರೆ ಹೆಣೆದ ಸ್ವೆಟರ್ ತೊಟ್ಟು ರೆಕ್ಕೆ ಕಚ್ಚಿದವಳು ಬೇರೆ ಯಾರೋ!

ಯೋಚಿಸಿದಷ್ಟೂ ಎಲ್ಲ ತಾಳೆಯಾಯಿತು. ಆ ವಾರದ ಮೀನು ಎಂದಿಗಿಂತ ಸಣ್ಣದು, ಅದನ್ನೂ ತುಂಡು ಮಾಡಿಕೊಂಡೇ ತಂದಿದ್ದ. ಮನಸ್ಸು ಮೀನಿನ ಮೇಲೆ ಇದ್ದರಲ್ಲವೆ? ಅಂದಿನಿಂದ ಪ್ರಾಯದ ಹುಡುಗನ ಹಾಗೆ ಮನೆ ತುಂಬ ಸಿಳ್ಳೆ ಹಾಕುತ್ತಾ ತಿರುಗುತ್ತಿದ್ದ.

ಸಂಜೆ ಊಟಕ್ಕೆ ಕುಳಿತಾಗ ಕೇಳಿದಳು. "ಸ್ವೆಟರ್ ಎಲ್ಲಿ?"

"ಕೆಟಿಲ್ ಕಾರಲ್ಲಿ ಉಳಿದುಬಿಡ್ತು ಅನ್ಸುತ್ತೆ."

"ಹೋದ ವಾರ ನೀನೇ ಹಾಕ್ಕೊಂಡಿದ್ದೆ ತಾನೆ?"

ಅವನ ಕಿವಿ ಕೆಂಪಾಯಿತು. "ನಾನಲ್ದೆ ಇನ್ಯಾರು ಹಾಕ್ಕೋತಾರೆ?"

"ಅದನ್ನೇ ನಾನೂ ಕೇಳ್ತಿರೋದು."

ಅವನು ಒಣಮೀನಿಗೆ ಬೆಣ್ಣೆ ಸವರುವುದರಲ್ಲಿ ಮುಳುಗಿದ.

ಶನಿವಾರ ಅವನು ಹೊರಟ ಮೇಲೆ ಸಿಗ್ನಿ ಅಳುತ್ತಾ ಕೂರಲಿಲ್ಲ. ಕುಗ್ಗಿದ ಸ್ವೆಟರನ್ನು ತಲೆಯ ಮೇಲಿಂದ ತುರುಕಿಕೊಂಡಳು. ತೋಳು ಮೊಣಕೈಗೇ ನಿಂತಿತು, ಉಸಿರಾಡಲೂ ಕಷ್ಟ. ಇರಲಿ. ಕನ್ನಡಿಯ ಮುಂದೆ ನಿಂತು ಕಲೆ ಸರಿಯಾಗಿ ಕಾಣುವಂತೆ ಕೊರಳಪಟ್ಟಿ ನೆಟ್ಟಗೆ ಮಾಡಿಕೊಂಡು ಕಾರು ಹತ್ತಿದಳು. ಇವತ್ತು ಈ ಮನೆಗೆ ವಾಪಸ್ ಬರುವುದು ನಾನು, ಇಲ್ಲವೇ ಅವನು. ಇಬ್ಬರೂ ಒಟ್ಟಿಗಂತೂ ಅಲ್ಲ.

ನದಿದಂಡೆಯ ಗುಡಿಸಲಿನ ಮುಂದೆ ಕೆಟಿಲ್ ಒಬ್ಬನೇ ಕುಳಿತು ಮೀನು ಸೀಳುತ್ತಿದ್ದ. ಮೊಣಕೈವರೆಗೆ ರಕ್ತ. ಅವಳನ್ನು ಕಂಡವನೇ ಎದ್ದು ನಿಂತ. ಸ್ವೆಟರ್ ಕಂಡು ಚಾಕು ಕೈಜಾರಿತು.

"ಅವಳೆಲ್ಲಿ?" ಎಂದಳು ಸಿಗ್ನಿ.

"ಯಾರು?"

"ಹೋದ ವಾರ ಇಲ್ಲಿ ರೆಕ್ಕೆ ಕಚ್ಚಿದವಳು. ನಾಟಕ ಆಡ್ಬೇಡ ಕೆಟಿಲ್, ನಾನು ಯಾರ ಮಗಳು ಅಂತ ಗೊತ್ತಲ್ಲ."

ಕೆಟಿಲ್ ತಲೆ ಕೆರೆದುಕೊಂಡ. "ನನ್ನನ್ನ ಕೇಳ್ಬೇಡ ಮಾರಾಯ್ತಿ. ನಾನು ಮಾತು ಕೊಟ್ಟಿದ್ದೀನಿ."

"ಓಹೋ. ಇಷ್ಟು ವರ್ಷ ಅವನ ಸುಳ್ಳಿಗೆ ನೀನು ಕಾವಲಿದ್ದೆ ಅನ್ನು!"

"ಇದ್ದೆ," ಎಂದ ಅವನು ಮೆಲ್ಲಗೆ. "ಆದ್ರೆ ಬೈಬೇಡ ಅವನಿಗೆ. ಹೋದ ವಾರ ಅವನು ಖುಷಿಗೆ ಅತ್ತೇಬಿಟ್ಟ."

ಸಿಗ್ನಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ನೀರಿಗಿಳಿದಳು. ಹಿಮ ಕರಗಿದ ನೀರು ಬೂಟಿನೊಳಗೆ ನುಗ್ಗಿತು. ತೊಡೆಮಟ್ಟದ ನೀರಿನಲ್ಲಿ ಗಾಳದ ಕೋಲು ಹಿಡಿದು ನಿಂತಿದ್ದ ಥೋರ್ಮೋದ್ ಸದ್ದಿಗೆ ತಿರುಗಿ ನೋಡಿದ. ಅವಳು ಕೊರಳಪಟ್ಟಿಯನ್ನು ಅವನ ಮುಖದೆದುರಿಗೆ ಎಳೆದು ಹಿಡಿದಳು.

"ಗಂಡಸಾದ್ರೆ ಹೆಸರು ಹೇಳು! ಯಾರ ಮೊದಲ ಮೀನಿನ ರಕ್ತ ಇದು?"

ಅವನು ದಂಡೆಯತ್ತ ನೋಡಿದ. ಕೆಟಿಲ್ ಬೇರೆ ಕಡೆಗೆ ಮುಖ ತಿರುಗಿಸಿ ನಿಂತಿದ್ದ. ಥೋರ್ಮೋದ್ ತಲೆ ತಗ್ಗಿಸಲಿಲ್ಲ. ಮಾವನ ಮೇಜಿನ ಮುಂದೆ ಅಂದು ನಿಂತ ಹಾಗೆಯೇ ಎದೆಯುಬ್ಬಿಸಿ ನಿಂತ.

"ನಂದು," ಎಂದ. "ಇಷ್ಟು ವರ್ಷ ತಂದಿದ್ದೆಲ್ಲ ಕೆಟಿಲ್ ಹಿಡಿದದ್ದು, ಇದೊಂದು ನಾನೇ ಹಿಡಿದೆ ಕಣೇ."